ಎಂಟು ಮೈಕ್ರಾನ್ ಕುಂಕುಮ

ವಿಮಾನದ ಬಾಗಿಲಿನ ಕೀಲಿಗೆ ಕೂರುವ ಉಕ್ಕಿನ ಬಳೆಗಳು ಹರಿಹರದ ಮಾರಪ್ಪನ ವರ್ಕ್‌ಶಾಪಿನಿಂದ ಹತ್ತಿರದ ಕರೂರಿನ ಕಾರ್ಖಾನೆಗೆ, ಅಲ್ಲಿಂದ ಬೆಂಗಳೂರಿನ ವಿಮಾನ ಕಂಪನಿಗೆ ಹೋಗುತ್ತಿದ್ದವು. ಕರೂರಿನಲ್ಲಿ ಅವುಗಳ ಗುಣಮಟ್ಟದ ಹೊಣೆ ಶಾಂತಲಾಳದು. ಹದಡಿಯಿಂದ ದಿನವೂ ಸ್ಕೂಟರಿನಲ್ಲಿ ಬರುವ ಆಕೆ ಹದಿನೇಳು ವರ್ಷಗಳ ಕೆಲಸದಲ್ಲಿ ಕಲಿತದ್ದು, ನಂಬಿದವರ ವಿಷಯದಲ್ಲೂ ಪುರಾವೆ ಇಟ್ಟುಕೊಳ್ಳುವುದನ್ನು.

ಮಾರಪ್ಪನ ಹಳೆಯ ಹೆಸರಿಗೆ ಒಂದು ಸಲಿಗೆ ಸಿಕ್ಕಿತ್ತು. ಅವನ ಮಾಲು ಬರುವ ಮೂರು ಲಾಟ್‌ಗಳಲ್ಲಿ ಒಂದನ್ನು ಕರೂರಿನಲ್ಲಿ ಅಳೆದರೆ ಸಾಕು. ಆದರೆ ದಿನಕ್ಕೊಂದು ಬಳೆಯನ್ನು ತಾರೀಖು ಬರೆದ ಕವರಿನಲ್ಲಿ ಎತ್ತಿಡಬೇಕೆಂದು ಶಾಂತಲಾ ಹಟ ಹಿಡಿದಿದ್ದಳು. "ಏನ್ರಿ ಮೇಡಂ, ಮೊಮ್ಮಕ್ಳಿಗೆ ಆಸ್ತಿ ಮಾಡಾಕತ್ತೀರಾ?" ಎಂದು ಕಾಡುತ್ತಲೇ ಅವನು ಎತ್ತಿಡುತ್ತಿದ್ದ.

ಆಯುಧಪೂಜೆಯ ಮರುವಾರ ಅಳೆದ ಲಾಟಿನ ಬಳೆಗಳೆಲ್ಲ ಎಂಟು ಮೈಕ್ರಾನ್ ಹೆಚ್ಚು ದಪ್ಪ, ಕೂದಲೆಳೆಯ ಹತ್ತರಲ್ಲೊಂದು ಪಾಲು. ಒಂದೆರಡು ತಪ್ಪಿದ್ದರೆ ಆಕೆ ಯಂತ್ರವನ್ನು ಶಂಕಿಸುತ್ತಿದ್ದಳು. ಎಲ್ಲವೂ ಒಂದೇ ಸಮ ತಪ್ಪಿದ್ದರಿಂದ ಅಳತೆಯನ್ನೇ ಶಂಕಿಸಿದಳು. ಹರಿಹರಕ್ಕೆ ಹೋಗಿ, ಮಾರಪ್ಪ ಅಳತೆಯ ಡಯಲನ್ನು ಸೊನ್ನೆಗೆ ಕೂರಿಸಲು ಬಳಸುವ ಉಕ್ಕಿನ ತುಂಡನ್ನು, ಅಂದರೆ ಸ್ಲಿಪ್ ಗೇಜನ್ನು, ಬೆಳಕಿಗೆ ಹಿಡಿದಳು. ಒರೆಸಿದರೂ ಉಳಿದ ಗಂಧ-ಕುಂಕುಮದ ತೆಳು ಪೊರೆ ಕಾಣಿಸಿತು. ಹಬ್ಬದಂದು ಯಂತ್ರಗಳಿಗೆಲ್ಲ ಬೊಟ್ಟಿಟ್ಟ ಮಾರಪ್ಪನ ಹೆಂಡತಿ ಮೀನಾಕ್ಷಿ, ಗಂಡ ಅಷ್ಟು ಜೋಪಾನ ಮಾಡುವ ವಸ್ತುವನ್ನು ಬಿಡುವುದು ಹೇಗೆಂದು ಅದಕ್ಕೂ ಇಟ್ಟಿದ್ದಳು. ಪೊರೆಯಷ್ಟು ಗೇಜ್ ಎತ್ತರವಾಗಿತ್ತು; ಅಷ್ಟೇ ಬಳೆಗಳು ದಪ್ಪವಾಗಿದ್ದವು.

ಹಬ್ಬದ ನಂತರ ತಯಾರಾದ, ಅಳೆಯದ ಎರಡು ಲಾಟ್ ಆಗಲೇ ಬೆಂಗಳೂರು ಸೇರಿದ್ದವು. ತಿಳಿಸಿದರೆ ಒಪ್ಪಿತ ಪೂರೈಕೆದಾರರ ಪಟ್ಟಿಯಿಂದ ಮಾರಪ್ಪನ ಹೆಸರು ಹೋಗಬಹುದಿತ್ತು. ಅವನಿಗೆ ಬೇರೆ ಗಿರಾಕಿಯಿಲ್ಲ.

"ಎಂಟು ಮೈಕ್ರಾನ್‌ಗೆ ವಿಮಾನ ಬೀಳ್ತೈತೇನ್ರಿ?"

"ಬೀಳಲ್ಲ ಅಂತ ನಂಗೂ ಅನ್ನಿಸ್ತೈತೆ, ಮಾರಪ್ಪಾರೆ. ಅನ್ನಿಸಿದ್ದಕ್ಕೆಲ್ಲ ಸಹಿ ಹಾಕಾಕಾಗಲ್ಲ."

ಅಂದೇ ತಿಳಿಸಿದಳು. ಬೆಂಗಳೂರಿನವರು ಕೇಳಿದ್ದು ಒಂದೇ ಪ್ರಶ್ನೆ: ತಪ್ಪು ಹಬ್ಬದಂದೇ ಶುರುವಾಯಿತೆಂದು ಹೇಗೆ ನಂಬುವುದು? ನಂಬಲಾಗದಿದ್ದರೆ ವರ್ಷದ ಮಾಲನ್ನೆಲ್ಲ ವಿಮಾನಗಳಿಂದ ಬಿಚ್ಚಿಸಬೇಕಿತ್ತು. ಶಾಂತಲಾ ಕವರುಗಳನ್ನೆಲ್ಲ ಕರೂರಿಗೆ ತಂದು ಅಲ್ಲಿನ ಗೇಜಿನಿಂದ ಒಂದೊಂದಾಗಿ ಅಳೆದಳು. ಹಬ್ಬದ ಹಿಂದಿನ ದಿನದವರೆಗೂ ಬಳೆಗಳು ಸರಿಯಾಗಿದ್ದವು. ಹಬ್ಬ ಕಳೆದ ಮೊದಲ ಕವರಿನಿಂದಲೇ ಎಂಟು ಹೆಚ್ಚು. ಆ ಲೆಕ್ಕ ಅವರಿಗೆ ಸಾಕಾಯಿತು. ಎರಡು ಲಾಟ್ ಹಿಂದಿರುಗಿ, ಉಜ್ಜಿಸಿಕೊಂಡು ಮತ್ತೆ ಹೋದವು. ಮಾರಪ್ಪನ ಹೆಸರು ಪಟ್ಟಿಯಲ್ಲೇ ಉಳಿಯಿತು. ಸಲಿಗೆ ಮಾತ್ರ ಹೋಯಿತು. ಅದನ್ನು ತೆಗೆಯಿರೆಂದು ಬರೆದವಳೂ ಶಾಂತಲಾಳೇ.

ಮುಂದಿನ ಹಬ್ಬಕ್ಕೆ ಮೀನಾಕ್ಷಿ ತಟ್ಟೆ ಹಿಡಿದು ಗೇಜಿನ ಕಪಾಟಿನ ಮುಂದೆ ನಿಂತಳು.

"ಬಾಗಿಲಿಗೆ ಇಡು. ಒಳಗಿನದಕ್ಕ ಬ್ಯಾಡ," ಎಂದ ಮಾರಪ್ಪ.

ಮರುದಿನದ ಕವರಿನಲ್ಲಿ ಶಾಂತಲಾಳಿಗೆ ಎರಡು ಬಳೆ ಸಿಕ್ಕವು. ಕೇಳಿದ್ದಕ್ಕೆ ಮಾರಪ್ಪ ತಲೆಯೆತ್ತದೆ ಹೇಳಿದ: "ಒಂದು ನಿಮ್ ಮೊಮ್ಮಕ್ಳಿಗೆ, ಒಂದು ನಮ್ ಮೊಮ್ಮಕ್ಳಿಗೆ."