ಕೊಕ್ಕೆಯಿದ್ದ ಕಾರಿನ ಫಾರೂಖ್

ಜರ್ಮನಿಯ ಸಿಂಡೆಲ್‌ಫಿಂಗೆನ್ನಿನ ಕನ್ನಡದವರಲ್ಲಿ ಟ್ರೇಲರ್ ಎಳೆಯುವ ಕೊಕ್ಕೆ ಇದ್ದದ್ದು ಫಾರೂಖನ ಕಾರಿಗೆ ಮಾತ್ರ. ಅದನ್ನು ಅವನು ಹಾಕಿಸಿಕೊಂಡವನೂ ಅಲ್ಲ, ಹಳೆ ಕಾರು ಕೊಂಡಾಗ ಅದರ ಹಿಂದೆ ಅಂಟಿಕೊಂಡೇ ಬಂದಿತ್ತು. ಅವತ್ತಿನಿಂದ ಹಿಡಿಯಿತು ಗ್ರಹಚಾರ. ಹನ್ನೊಂದು ವರ್ಷದಲ್ಲಿ ಯಾರ‍್ಯಾರ ಸೋಫಾ, ಮಂಚ, ವಾಷಿಂಗ್ ಮಷೀನ್ ಸಾಗಿಸಿದನೋ ಅವನಿಗೇ ನೆನಪಿಲ್ಲ. ಶುಕ್ರವಾರ ಸಂಜೆ ಫೋನು ಬಡಿದುಕೊಂಡರೆ ಹೆಂಡತಿ ಶಾಝಿಯಾ, "ತಗೊಳ್ಳಿ, ಯಾರೋ ಮನೆ ಖಾಲಿ ಮಾಡ್ತಿದ್ದಾರೆ," ಅನ್ನುತ್ತಿದ್ದಳು. ಅವನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದ, ಬಾಯಲ್ಲಿ ಮಾತ್ರ "ಆಯ್ತು ಬಿಡಿ, ಬರ್ತೀನಿ" ಎಂದೇ ಬರುತ್ತಿತ್ತು. ದಾವಣಗೆರೆಯಿಂದ ಬಂದ ಈ ಮನುಷ್ಯ ಜರ್ಮನ್ ಕಲಿತ, ಹಿಮದಲ್ಲಿ ಗಾಡಿ ಓಡಿಸಲು ಕಲಿತ. "ಆಗಲ್ಲ" ಅನ್ನುವ ಒಂದು ಮಾತು ಮಾತ್ರ ಅವನ ನಾಲಿಗೆಗೆ ಹತ್ತಲಿಲ್ಲ.

ಅವನ ಕೆಲಸವೇನು ಗೊತ್ತೇ? ಕಾರಿನ ಬ್ರೇಕು ಪರೀಕ್ಷಿಸುವುದು. ಎಂಥ ಇಳಿಜಾರಿನಲ್ಲಿ, ಎಷ್ಟು ಭಾರ ಹೊತ್ತ ಗಾಡಿ, ಬ್ರೇಕು ತುಳಿದ ಮೇಲೆ ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂದು ಅಳೆಯುವುದಕ್ಕೇ ಅವನಿಗೆ ಸಂಬಳ. ಇಂಥವನಿಗೆ ದಾರಿ ಹೇಳಿಕೊಡಲು ಮೂವತ್ತು ಜನ ಹೊರಟರು.

ಆದದ್ದಿಷ್ಟು. ಜನವರಿಯಲ್ಲಿ ಫ್ರೈಬುರ್ಗಿನಲ್ಲಿ ಸಂಕ್ರಾಂತಿ ಕಾರ್ಯಕ್ರಮ. ಸ್ಟೇಜಿನ ಹಲಗೆ, ಸೌಂಡ್ ಬಾಕ್ಸು ಎಲ್ಲ ಸಿಂಡೆಲ್‌ಫಿಂಗೆನ್ನಿನಿಂದ ಹೋಗಬೇಕು, ಅಂದರೆ ಫಾರೂಖ್ ಒಯ್ಯಬೇಕು. ಇರುವುದು ಎರಡು ದಾರಿ. ಒಂದು ಕಾರ್ಲ್ಸ್‌ರೂಹೆ ಸುತ್ತಿ ಬರುವ ಹೈವೇ, ದೂರ ಜಾಸ್ತಿ, ಆದರೆ ದೊಡ್ಡ ಘಾಟಿಯಿಲ್ಲ. ಇನ್ನೊಂದು ಬ್ಲ್ಯಾಕ್ ಫಾರೆಸ್ಟ್ ಬೆಟ್ಟ ಹತ್ತಿ, ಟಿಟಿಸೀ ಕೆರೆಯ ಪಕ್ಕದಿಂದ ಹಾದು, ಕಡಿದಾದ ಘಾಟಿಯಲ್ಲಿ ಫ್ರೈಬುರ್ಗಿಗೆ ಇಳಿಯುವುದು. ಫ್ರೈಬುರ್ಗಿನಲ್ಲಿ ಮೂವತ್ತೆರಡು ವರ್ಷದಿಂದ ನೆಲೆಸಿರುವ ನಿವೃತ್ತ ವಿಜ್ಞಾನಿ ಅನಂತಕೃಷ್ಣ ಅವರು ಕನ್ನಡ ಸಂಘದ ಹಿರಿಯರು. ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಅವರು ಬರೆದರು: "ಎಲ್ಲರೂ ಬೆಟ್ಟದ ದಾರಿಯಲ್ಲೇ ಒಟ್ಟಾಗಿ ಬನ್ನಿ. ಮಕ್ಕಳು ಹಿಮ ನೋಡಲಿ. ಹೈವೇಲಿ ಏನಿದೆ, ಬರೀ ಲಾರಿ." ಧ್ರುವ ಎಂಬ ಉತ್ಸಾಹಿ ಹುಡುಗ ಅಷ್ಟಕ್ಕೇ ಪೋಲ್ ಹಾಕಿಬಿಟ್ಟ. ಬೆಟ್ಟಕ್ಕೆ ಮೂವತ್ತೊಂದು ಓಟು, ಹೈವೇಗೆ ಒಂದು. ಟ್ರೇಲರ್ ಎಳೆಯುವವನನ್ನು ಯಾರೂ ಕೇಳಲಿಲ್ಲ.

ಆ ಒಂದು ಓಟು ಶಾಝಿಯಾಳದು. ಮೂವತ್ತೊಂದರಲ್ಲಿ ಒಂದು ಫಾರೂಖನದೇ! ಟ್ರೇಲರಿಗೆ ಸ್ವಂತ ಬ್ರೇಕಿಲ್ಲ, ಮೇಲೆ ಆರುನೂರು ಕಿಲೋ ಹೇರಿದರೆ ಇಳಿಜಾರಿನಲ್ಲಿ ಅದು ಕಾರನ್ನೇ ಹಿಂದಿನಿಂದ ನೂಕುತ್ತದೆ ಎಂದು ಗೊತ್ತಿದ್ದ ಏಕೈಕ ಮನುಷ್ಯ, ಹಿರಿಯರ ಮಾತಿಗೆ ಎದುರಾಡಿದ ಹಾಗಾಗುತ್ತದೆಂದು ಬೆಟ್ಟಕ್ಕೇ ಒತ್ತಿದ. ಒತ್ತಿದ್ದಲ್ಲದೆ ಹೆಂಡತಿಯ ಮೇಲೂ ರೇಗಿದ. "ಎಲ್ಲರ ಮುಂದೆ ನನ್ನ ಮಾನ ಯಾಕೆ ಕಳೀತೀಯಾ? ತೆಗೆದುಹಾಕು ಅದನ್ನ."

"ತೆಗೆಯಲ್ಲ," ಅಂದಳು ಅವಳು. "ನನ್ನ ಮಗಳು ಆ ಕಾರಲ್ಲಿ ಕೂತ್ಕೋತಾಳೆ. ನನಗೆ ಶನಿವಾರ ಡ್ಯೂಟಿ ಇಲ್ದೇ ಇದ್ದಿದ್ರೆ ನಾನೇ ಅವಳನ್ನ ರೈಲಲ್ಲಿ ಕರ‍್ಕೊಂಡು ಹೋಗ್ತಿದ್ದೆ."

ಮಗಳು ನೂರೈನ್‌ಗೆ ಹನ್ನೆರಡು ವರ್ಷ. ಮಧ್ಯಾಹ್ನ ಒಂದೂವರೆಯ ನಾಟಕದಲ್ಲಿ ಅವಳದು ಜಗಳಗಂಟಿ ಅಜ್ಜಿಯ ಪಾತ್ರ. ಮನೆಯಲ್ಲಿ ಏನು ಕೇಳಿದರೂ ಜರ್ಮನ್ನಿನಲ್ಲಿ ಉತ್ತರಿಸುವ ಹುಡುಗಿ ಮೂರು ತಿಂಗಳು ಕೂತು ನಲವತ್ತು ಸಾಲು ಕನ್ನಡ ಬಾಯಿಪಾಠ ಮಾಡಿದ್ದಳು. ಶನಿವಾರ ಬೆಳಿಗ್ಗೆ ಎಂಟಕ್ಕೆ, ಜಾಕೆಟ್ಟಿನೊಳಗೆ ಸೀರೆ ಸುತ್ತಿಕೊಂಡು, ಮುಂದಿನ ಸೀಟಿನಲ್ಲಿ ಬಂದು ಕೂತಳು.

ಒಟ್ಟಾಗಿ ಹೋಗೋಣ ಎಂದಿದ್ದ ಮಹಾನುಭಾವರು ಅರ್ಧ ಗಂಟೆಯಲ್ಲೇ ಕಣ್ಮರೆಯಾದರು. ಟ್ರೇಲರ್ ಕಟ್ಟಿಕೊಂಡವನು ಎಂಬತ್ತರ ಮೇಲೆ ಓಡಿಸುವಂತಿಲ್ಲ, ಅವರಿಗೋ ಅಷ್ಟು ತಾಳ್ಮೆಯಿಲ್ಲ. ಡೊನಾವೆಶಿಂಗೆನ್ ದಾಟಿದ ಮೇಲೆ ಹಿಮ ಶುರುವಾಯಿತು. ನಾಯ್‌ಸ್ಟಾಟ್ ಹತ್ತಿರ ಒಂದು ಇಳಿಜಾರು, ದೊಡ್ಡದೇನಲ್ಲ. ಫಾರೂಖ್ ಮೆತ್ತಗೆ ಬ್ರೇಕು ಮುಟ್ಟಿದ. ಹಿಂದಿನಿಂದ ಯಾರೋ ಭುಜ ಕೊಟ್ಟು ತಳ್ಳಿದ ಹಾಗಾಯಿತು. ಕಾರು ಮೂತಿ ತಿರುಗಿಸಿಕೊಂಡು ಜಾರಿತು, ರಸ್ತೆಯಂಚಿನ ಕಂಬ ನೂರೈನಳ ಕಿಟಕಿಯತ್ತ ಬಂತು, ಬಂತು, ಒಂದು ಮೊಳ ದೂರದಲ್ಲಿ ಎಲ್ಲ ನಿಂತಿತು.

"ಸೂಪರ್!" ಎಂದು ನಕ್ಕಳು ಮಗಳು. ಅಪ್ಪ ಬೇಕೆಂದೇ ಹಾಗೆ ಮಾಡಿದನೆಂದುಕೊಂಡಿದ್ದಳು. ಫಾರೂಖ್ ಮೊದಲ ಗೇರಿಗೆ ಹಾಕಿ ಗಾಡಿಯನ್ನು ಮೆಲ್ಲಗೆ ರಸ್ತೆಗೆ ತಂದ.

ಅಲ್ಲಿಂದ ಟಿಟಿಸೀವರೆಗೂ ಅವನು ಮನಸ್ಸಿನಲ್ಲೇ ಒಬ್ಬೊಬ್ಬರನ್ನೂ ಎಳೆದು ನಿಲ್ಲಿಸಿ ಬೈದ. ಹಿಮ ನೋಡಬೇಕಂತೆ ಹಿಮ! ಮನೆ ಬಾಗಿಲಲ್ಲಿ ಬಿದ್ದದ್ದನ್ನು ಗುಡಿಸುವಾಗ ಕಾಣಲಿಲ್ಲವೇ? ಪೋಲ್ ಹಾಕಿದ ಧ್ರುವನ ಕೈಗೆ ಟ್ರೇಲರ್ ಕೊಟ್ಟು ನೋಡಬೇಕು. ಓಟು ಒತ್ತಿದವರು ಹೀಟರ್ ಹಾಕಿಕೊಂಡು ಮುಂದೆ ಹೋದರು, ಹಲಗೆ ಹೊತ್ತ ಕತ್ತೆ ಇಲ್ಲಿ ಜಾರುತ್ತಿದೆ. ಬೈದಷ್ಟೂ ಸಿಟ್ಟು ಏರಿತೇ ಹೊರತು ಇಳಿಯಲಿಲ್ಲ. ಟಿಟಿಸೀ ಪಾರ್ಕಿಂಗ್ ತಲುಪಿದಾಗ ಅಲ್ಲಿ ಯಾರೂ ಇರಲಿಲ್ಲ. ಗ್ರೂಪಿನಲ್ಲಿ ಅವರೆಲ್ಲ ಹಿಮದಲ್ಲಿ ಕುಣಿಯುವ ಫೋಟೋ ಮಾತ್ರ ಬಂದಿತ್ತು.

ನಿಜವಾದ ಘಾಟಿ ಇನ್ನು ಮುಂದಿತ್ತು. ಇಳಿದರೆ ಒಂದು ಗಂಟೆಯಲ್ಲಿ ಫ್ರೈಬುರ್ಗ್, ಮಗಳ ನಾಟಕ. ಹಿಂದಿರುಗಿ ಹೈವೇ ಹಿಡಿದರೆ ಇನ್ನೂ ಐದು ಗಂಟೆ, ನಾಟಕ ತಪ್ಪಿತು. ಫಾರೂಖ್ ಇಳಿದು ಟ್ರೇಲರಿನ ಹಗ್ಗವನ್ನೊಮ್ಮೆ ಎಳೆದು ನೋಡಿದ. ಆಮೇಲೆ ಗಾಡಿ ತಿರುಗಿಸಿದ.

"ಯಾಕೆ?" ಎಂದಳು ನೂರೈನ್.

"ಮುಂದೆ ರಸ್ತೆ ಮುಚ್ಚಿದ್ದಾರೆ," ಅಂದ.

ಅವಳು ಅಳಲಿಲ್ಲ. ಕಾರ್ಲ್ಸ್‌ರೂಹೆ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡು ತುಟಿ ಅಲ್ಲಾಡಿಸುತ್ತಲೇ ಇದ್ದಳು.

ಹಾಲ್ ಮುಟ್ಟಿದಾಗ ನಾಲ್ಕು ಗಂಟೆ. ನಾಟಕ ನೆಲದ ಮೇಲೆಯೇ ಆಗಿಹೋಗಿತ್ತು. ಅಜ್ಜಿಯ ಪಾತ್ರವನ್ನು ಇನ್ನೊಂದು ಹುಡುಗಿ ಚೀಟಿ ನೋಡಿಕೊಂಡು ಓದಿದ್ದಳು. ಹಲಗೆಯೂ ಬೇಕಾಗಿರಲಿಲ್ಲ, ಸೌಂಡ್ ಬಾಕ್ಸೂ ಬೇಕಾಗಿರಲಿಲ್ಲ.

"ಏನ್ ಫಾರೂಖ್ ಭಾಯ್, ಎಲ್ಲಿ ಮಾಯ ಆಗ್ಬಿಟ್ರಿ?" ಎಂದ ಧ್ರುವ. "ಘಾಟಿ ಏನ್ ಸಖತ್ತಾಗಿತ್ತು ಗೊತ್ತಾ! ವಿಡಿಯೋ ತೋರಿಸ್ತೀನಿ ಬನ್ನಿ."

ನೂರೈನ್ ವಿಡಿಯೋ ನೋಡಿದಳು. ತೆರೆದ ರಸ್ತೆ, ಸಾಲಾಗಿ ಇಳಿಯುವ ಕಾರುಗಳು.

ಅನಂತಕೃಷ್ಣ ತಾವೇ ಎದ್ದು ಬಂದು ಫಾರೂಖನ ಭುಜದ ಮೇಲೆ ಕೈಯಿಟ್ಟರು. ತಡವಾದದ್ದೇಕೆಂದು ವಿಚಾರಿಸಿ, ಮಗಳನ್ನು ಕೂರಿಸಿಕೊಂಡು ಬ್ರೇಕಿಲ್ಲದ ಟ್ರೇಲರ್ ಎಳೆದು ಬೆಟ್ಟ ಹತ್ತಿದ್ದನೆಂದು ತಿಳಿದಾಗ ಅವರ ಮುಖ ಸಣ್ಣದಾಯಿತು. "ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಫಾರೂಖ್. ನಮಗೇನು ಗೊತ್ತಾಗ್ಬೇಕು ಇದೆಲ್ಲ? ನೀವು ಬೇಡ ಅಂದಿದ್ರೆ ಯಾರು ಒತ್ತಾಯ ಮಾಡ್ತಿದ್ರು?"

ಮುನ್ನೂರು ಕಿಲೋಮೀಟರ್ ಉದ್ದಕ್ಕೂ ಕಟ್ಟಿಕೊಂಡು ಬಂದ ಬೈಗುಳವೆಲ್ಲ ಕೆಲಸಕ್ಕೆ ಬಾರದೆ ಹೋಯಿತು. ಮೆತ್ತಗೆ ಮಾತಾಡಿದ ಮುದುಕರ ಮೇಲೆ ಅವನಿಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು, ಯಾಕೆಂದರೆ ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ನೂರೈನ್ ಎದುರಿಗೆ ಬಂದು ನಿಂತಳು. ಎಲ್ಲರಿಗೂ ಕೇಳಲಿ ಅಂತಲೋ ಏನೋ, ಕನ್ನಡದಲ್ಲೇ ಕೇಳಿದಳು. "ಪಪ್ಪಾ, ರಸ್ತೆ ಓಪನ್ ಇತ್ತು. ನನಗೆ ಯಾಕೆ ಸುಳ್ಳು ಹೇಳಿದೆ?"

"ಹೆದರಿದೆ, ಅದಕ್ಕೆ!" ಎಂದು ಅವನು ಗದರಿದ ದನಿಗೆ ಊಟದ ಮೇಜಿನವರೆಲ್ಲ ತಿರುಗಿ ನೋಡಿದರು.

"ಘಾಟಿಗಾ?"

"ಘಾಟಿಗೆ ಹೆದರಿದ್ರೆ ಬೆಳಿಗ್ಗೆನೇ ಹೈವೇಲಿ ಬರ್ತಿದ್ದೆ. ಇವರಿಗೆ ಹೆದರಿದೆ. ಇವರ ಮುಂದೆ ಬೇಡ ಅನ್ನೋಕೆ ಹೆದರಿ ನಿನ್ನನ್ನ ಆ ದಾರೀಲಿ ಕರ‍್ಕೊಂಡು ಬಂದೆ."

ಹುಡುಗಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಯೋಚಿಸಿದಳು.

"ನನಗೆ ಏನಾದ್ರೂ ಆಗುತ್ತೆ ಅನ್ನೋದಕ್ಕಿಂತ ಜಾಸ್ತಿ ಇವರಿಗೆ ಹೆದರಿದ್ಯಾ?"

ಇನ್ನೊಂದು ಸುಳ್ಳು ಹೇಳಿ ಪಾರಾಗಬಹುದಿತ್ತು.

"ಟಿಟಿಸೀ ತನಕ, ಹೌದು," ಎಂದ ಫಾರೂಖ್.