ಮೇಣದ ಗಲ್ಲ

ಎರ್ಸಿಲಿಯಾ ಕನಿಕರವಿಲ್ಲದ ಹೆಂಗಸು. ಮಿಲಾನಿನ ಎರಕದ ಕಾರ್ಖಾನೆಯಲ್ಲಿ, ಕಂಚು ಹೊಯ್ಯುವ ಮೊದಲು ಮೇಣದ ಪ್ರತಿಮೆಗಳ ಬಿರುಕು ಮುಚ್ಚುವುದು ಅವಳ ಕೆಲಸ. ಶಿಲ್ಪಿ ಮಾಡಿದ್ದನ್ನು ಯಾರು ಬೇಡಿಕೊಂಡರೂ ಅವಳು ಕೂದಲೆಳೆಯಷ್ಟೂ ಬದಲಿಸಿದವಳಲ್ಲ.

೧೯೦೮ರ ವಸಂತದಲ್ಲಿ ಬ್ರೆಡ್ ಅಂಗಡಿಯ ಪಾಲ್ಮೀರಾ, ಗಂಡ ಮಾಡಿಸುತ್ತಿದ್ದ ತನ್ನ ಪುಟ್ಟ ಪ್ರತಿಮೆಯನ್ನು ನೋಡಲು ಬಂದಳು.

"ಅಕ್ಕಾ, ಗಲ್ಲದ ಕೆಳಗಿನ ಈ ಮಡಿಕೆ ಸ್ವಲ್ಪ ಕೆರೆದುಬಿಡು. ಕಂಚಾದ್ಮೇಲೆ ನಾನು ಸತ್ರೂ ಇದು ಹೋಗಲ್ಲ."

"ಶಿಲ್ಪಿ ಕಂಡಿದ್ದನ್ನ ಮಾಡಿದಾರೆ. ಬೆಣ್ಣೆ ಬ್ರೆಡ್ ತಿನ್ನೋವಾಗ ಯೋಚನೆ ಮಾಡ್ಬೇಕಿತ್ತು, ಅಮ್ಮ."

ಪಾಲ್ಮೀರಾ ನಕ್ಕಳು, ಆದರೆ ಶಾಲನ್ನು ಗಲ್ಲದವರೆಗೂ ಎಳೆದುಕೊಂಡು ಹೊರಟಳು.

ಬಾಗಿಲು ಮುಚ್ಚಿದ ಮೇಲೆ ಎರ್ಸಿಲಿಯಾ ಚಾಕುವನ್ನು ದೀಪದ ಮೇಲೆ ಬಿಸಿ ಮಾಡಿ, ಮೇಣದ ಗಲ್ಲದ ಕೆಳಗೆ ಒಂದೇ ಸಲ, ಹಗುರವಾಗಿ ಎಳೆದಳು.