ಲಾಡಿ ಇಲ್ಲದ ಲಂಗ

ಹೊಟ್ಟೆಯ ಚರ್ಮ ಉರಿಯತೊಡಗಿದ್ದು ಶಿವಮೊಗ್ಗದ ಆಸ್ಪತ್ರೆಯಿಂದ ಭದ್ರಾವತಿಯ ಮನೆಗೆ ಬಂದ ಮೇಲೆ. ಕರುಳು ಕಟ್ಟಿಕೊಂಡು ಎಮರ್ಜೆನ್ಸಿ ಆಪರೇಷನ್ ಆಗಿತ್ತು. ಬಲಗಡೆ ಕರುಳಿನ ತುದಿಯನ್ನು ಹೊರಗೆ ತಂದು ಹೊಲಿದಿದ್ದರು. ಅದೇ ಸ್ಟೋಮಾ. ಕೆಂಪಗೆ, ಒದ್ದೆಯಾಗಿ, ಬಾಯೊಳಗಿನ ಚರ್ಮದಂತೆ. ಅಲ್ಲಿಂದ ಬರುವ ಮಲ ಹಿಡಿಯಲು ಅದರ ಮೇಲೆ ಅಂಟಿಸಿದ ಒಂದು ಬ್ಯಾಗ್.

ಬ್ಯಾಗ್ ನಿಲ್ಲುತ್ತಿರಲಿಲ್ಲ.

ಅಂಚಿನಿಂದ ಸೋರುವುದು. ಸೋರಿದ್ದು ತಾಗಿದಲ್ಲೆಲ್ಲ ಚರ್ಮ ಸುಲಿಯುವುದು. ಸುಲಿದ ಒದ್ದೆ ಚರ್ಮಕ್ಕೆ ಹೊಸ ಬ್ಯಾಗೂ ಅಂಟದು. ಹೊಟ್ಟೆ ಖಾಲಿ ಇದ್ದರೆ ಸೋರುವುದಾದರೂ ಏನು ಎಂದುಕೊಂಡು ಊಟ ಬಿಟ್ಟೆ, ನೀರನ್ನೂ ಗುಟುಕಿಗೆ ಇಳಿಸಿದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ನೀಟ್‌ನೆಸ್, ಡಿಗ್ನಿಟಿ ಎಲ್ಲ ಎಲ್ಲಿ ಹೋಯಿತೋ! ರೂಮಿನ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ.

ನನ್ನನ್ನು ನೋಡಿಕೊಳ್ಳಲು ಹೊಸಮನೆಯಿಂದ ಬಂದಿದ್ದ ನಾದಿನಿ ಗಿರಿಜಾ ಬಾಗಿಲು ತಳ್ಳಿಕೊಂಡೇ ಒಳಗೆ ಬಂದಳು.

"ಉಪವಾಸ ಮಾಡಿ ಯಾವ ದೇವರನ್ನ ಒಲಿಸ್ಕೊಳ್ತೀರಿ ಅತ್ತಿಗೆ? ಏಳಿ ಮಾರಾಯ್ರೇ, ಡಾಕ್ಟ್ರ ಹತ್ರ ಹೋಗೋಣ."

ಸರ್ಜನ್ ನನ್ನ ನಾಲಿಗೆ ನೋಡಿದರು. "ಡಿಹೈಡ್ರೇಷನ್ ಆಗಿದೆ ಅಮ್ಮ. ಹೀಗೇ ಬಿಟ್ರೆ ಕಿಡ್ನಿಗೆ ಪೆಟ್ಟು. ಆಮೇಲೆ ಕರುಳು ವಾಪಸ್ ಒಳಗೆ ಜೋಡಿಸೋ ಮಾತೇ ಇಲ್ಲ."

ನಾನು ಹೆದರಿದೆ.

ಸ್ಟೋಮಾ ನರ್ಸ್ ನನ್ನನ್ನು ಉಟ್ಟ ಸೀರೆಯಲ್ಲೇ ಕೂರಿಸಿ ನೋಡಿದರು. ಲಂಗದ ಲಾಡಿ ಸರಿಯಾಗಿ ಬ್ಯಾಗಿನ ಅಂಚಿನ ಮೇಲೆ! ಕೂತಾಗಲೆಲ್ಲ ಅದನ್ನು ಎಬ್ಬಿಸುತ್ತಿತ್ತು.

"ಪ್ಲಾನ್ ಮಾಡಿದ ಆಪರೇಷನ್ ಆಗಿದ್ರೆ ಲಾಡಿ ಜಾಗ ಬಿಟ್ಟು ಸ್ಟೋಮಾ ಎಲ್ಲಿ ಬರಬೇಕು ಅಂತ ಮೊದಲೇ ಮಾರ್ಕ್ ಮಾಡ್ತಿದ್ವಿ. ಎಮರ್ಜೆನ್ಸಿಯಲ್ಲಿ ಟೈಮ್ ಎಲ್ಲಿ?"

ಚರ್ಮಕ್ಕೆ ಪೌಡರ್ ಹಾಕಿದರು. ಬ್ಯಾಗಿನ ತೂತನ್ನು ಸ್ಟೋಮಾದ ಅಳತೆಗೇ ಕತ್ತರಿಸಲು ಕಲಿಸಿದರು. ಊಟ ಮಾಡಿ, ಓಆರ್‌ಎಸ್ ಕುಡಿಯಿರಿ, ನೈಟಿ ಹಾಕಿಕೊಳ್ಳಿ ಎಂದರು.

"ನೈಟಿಯಲ್ಲಿ ನಾಲ್ಕು ಜನರ ಜೊತೆ ಊಟಕ್ಕೆ ಕೂರೋಳಲ್ಲ ನಾನು."

ಗಿರಿಜಾ ನಕ್ಕಳು. "ಇವರದ್ದು ಕಾನ್ವೆಂಟ್ ಇನ್ನೂ ಬಿಟ್ಟಿಲ್ಲ ಸಿಸ್ಟರ್."

ಮನೆಗೆ ಬಂದವಳೇ ನನ್ನ ಲಂಗದ ಲಾಡಿ ಎಳೆದು ಬಿಸಾಡಿದಳು. ಮೇಲೆ ಬಟ್ಟೆ ಜೋಡಿಸಿ ಲಂಗವನ್ನು ಎದೆಯವರೆಗೆ ಏರಿಸಿ, ಹೆಗಲಿಗೆ ಎರಡು ಪಟ್ಟಿ ಹೊಲಿದಳು. ಮೊದಲು ತಾನೇ ತೊಟ್ಟು, ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸದೆ ಲಂಗಕ್ಕೇ ಪಿನ್ ಹಾಕಿ, ತನ್ನ ಮಂಡಿನೋವಿನಲ್ಲೂ ಕೂತು, ಬಗ್ಗಿ, ಎದ್ದು ನೋಡಿದಳು. "ಎಲ್ಲೂ ಒತ್ತಲ್ಲ, ತಗೊಳ್ಳಿ" ಅಂದಳು. ವಾಟ್ ಎ ವುಮನ್! ನನ್ನ ಸಂಕೋಚವನ್ನು ಅವಳು ಒಮ್ಮೆಯೂ ಹುಚ್ಚು ಅನ್ನಲಿಲ್ಲ. ಅದಕ್ಕೊಂದು ಉಡುಪು ಹೊಲಿದುಕೊಟ್ಟಳು.

ಚರ್ಮದ ಗಾಯ ನಿಧಾನವಾಗಿ ಮಾಯಿತು. ಅಪರೂಪಕ್ಕೆ ಈಗಲೂ ಸೋರುತ್ತದೆ. ಕರುಳು ಜೋಡಿಸುವ ಬಗ್ಗೆ ಡಾಕ್ಟರು "ನೋಡೋಣ" ಎನ್ನುತ್ತಾರೆ. ನೋಡೋಣ.

ನಿನ್ನೆ ಸೀರೆ ಉಟ್ಟು ಎಲ್ಲರ ಜೊತೆ ಊಟಕ್ಕೆ ಕೂತೆ.

"ಇನ್ನೊಂದ್ ಸ್ವಲ್ಪ ಅನ್ನ ಹಾಕ್ಲಾ ಅತ್ತಿಗೆ?"

ತಟ್ಟೆ ಮುಂದೆ ಚಾಚಿದೆ.